ಕೆಚ್ಚು ನಿಲ್ಲುತ್ತಿಲ್ಲ

ದೊಡ್ಡಬಳ್ಳಾಪುರ
16 ಜನವರಿ 2024

ಕೀರ್ತನಾ,

ಕ್ಷೇಮ ಅಂತ ಬರೆಯುವ ಜಾಗವನ್ನು ಈ ಸಲ ಖಾಲಿ ಬಿಟ್ಟಿದ್ದೇನೆ. ಅದನ್ನು ತುಂಬಬೇಕಾದವಳು ನೀನು, ಅದಕ್ಕೇ ಈ ಕಾಗದ.

ಈ ಕಾಲದಲ್ಲೂ ಚಿಕ್ಕಮ್ಮ ಅಂಚೆ ಡಬ್ಬ ಹುಡುಕಿಕೊಂಡು ಹೋಗುತ್ತಾಳೆ ಅಂತ ಪುಣೆಯಲ್ಲಿ ಕೂತು ನಗಬೇಡ. ಇಪ್ಪತ್ತಾರು ವರ್ಷ ಪವರ್‌ಲೂಮ್ ಸದ್ದು ತಿಂದ ಕಿವಿ ಇದು. ಫೋನಿನಲ್ಲಿ ನೀನು ಏನು ಹೇಳಿದರೂ ಸೊಳ್ಳೆ ಗುಂಯ್‌ಗುಟ್ಟಿದ ಹಾಗಿರುತ್ತದೆ. ವಾಟ್ಸಾಪಿನಲ್ಲಿ ಕಳಿಸಿದರೆ ಅದು ನವೀನನ ಫೋನಿಗೆ ಬರುತ್ತದೆ, ಅವನೇ ಓದಿ ಹೇಳಬೇಕು. ಅವನೋ, ಸೋಂಪುರದ ಫ್ಯಾಕ್ಟರಿಯಿಂದ ಬಂದವನು ನನ್ನ ಮುಖ ನೋಡಿದರೆ ಸಾಕು, ಕಣ್ಣು ತುಂಬಿಕೊಳ್ಳುತ್ತಾನೆ. ಹೆತ್ತ ಮಗನನ್ನು ದಿನಾ ಅಳಿಸುವುದಕ್ಕಿಂತ ಕಾಗದವೇ ವಾಸಿ.

ಎದೆಯ ಗಡ್ಡೆ ತೆಗೆದ ಗಾಯ ಆರಿದೆ. ಅದು ಮತ್ತೆ ಬರದಿರಲಿ ಅಂತ ಬೆಂಗಳೂರಿನ ಆಸ್ಪತ್ರೆಯವರು ಈಗ ವಾರಕ್ಕೊಂದರಂತೆ ಹನ್ನೆರಡು ವಾರ ಮದ್ದು ಏರಿಸಬೇಕು ಅನ್ನುತ್ತಿದ್ದಾರೆ. ನಾನಿನ್ನೂ ಒಪ್ಪಿಲ್ಲ. ಮದ್ದಿನ ಹೆಸರು ಬರೆದ ಚೀಟಿಯನ್ನು ಇದರ ಜೊತೆ ಇಟ್ಟಿದ್ದೇನೆ.

ನನ್ನ ಕೆಲಸ ನೀನು ನೋಡಿದ್ದೀಯ. ನಂದಗುಡಿಯಿಂದ ಬೇಸಿಗೆ ರಜಕ್ಕೆ ಬಂದಾಗಲೆಲ್ಲ ಪಕ್ಕದಲ್ಲಿ ಕೂತು ನನ್ನ ಬೂದಿ ಬಟ್ಟಲು ಚೆಲ್ಲುತ್ತಿದ್ದೆ. ಮಗ್ಗದಲ್ಲಿ ಉದ್ದೆಳೆಗಳ ಒಂದು ಹಾಸು ಮುಗಿದಾಗ ಹೊಸ ಹಾಸಿನ ಐದು ಸಾವಿರ ಎಳೆಗಳನ್ನು ಹಳೆಯದರ ಐದು ಸಾವಿರ ತುದಿಗಳಿಗೆ ಒಂದೊಂದಾಗಿ ಸೇರಿಸಬೇಕು. ಗಂಟು ಹಾಕುವಂತಿಲ್ಲ, ಎಳೆ ನುಸುಳುವ ಅಚ್ಚಿನ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಬೂದಿಯಲ್ಲಿ ಬೆರಳು ಅದ್ದಿ, ಎರಡು ತುದಿ ಹಿಡಿದು, ಒಂದು ಹೊಸೆತ. ಅದನ್ನೇ ಕೆಚ್ಚುವುದು ಅನ್ನುತ್ತೇವೆ. ಕಣ್ಣು ಬೇಕಾಗಿಲ್ಲ, ನಿಂತಿತೋ ಇಲ್ಲವೋ ಅಂತ ಬೆರಳ ತುದಿಗೇ ತಿಳಿಯುತ್ತದೆ. ಸಂಜೀವಪ್ಪನವರ ಶೆಡ್ಡಿನ ಎಂಟೂ ಮಗ್ಗಕ್ಕೆ ಕೆಚ್ಚುವವಳು ನಾನೇ. ನಾನು ಕೆಚ್ಚಿದ ಎಳೆ ಬಿಟ್ಟುಹೋಯಿತು ಅಂತ ಇಲ್ಲಿಯವರೆಗೆ ಯಾರೂ ತೋರಿಸಿಲ್ಲ. ನನಗೆ ಗೊತ್ತಿರುವ ಕೆಲಸ ಇದೊಂದೇ, ನನ್ನ ಜಂಬವೂ ಇದೊಂದೇ.

ನೀನು ಜೀವಕೋಶಗಳನ್ನೇ ಓದಿದವಳು. ಈ ಮದ್ದು ಒಳಗೆ ಹೋಗಿ ಏನು ಮಾಡುತ್ತದೆ? ನನ್ನ ಕೈಗೆ ಏನಾದರೂ ಆಗುತ್ತದಾ? ಇದೊಂದು ಹೇಳು. ನೀನು ಹೇಳಿದ ಹಾಗೆ ಮಾಡುತ್ತೇನೆ.

ಲಕ್ಕಮ್ಮ


ಪುಣೆ
23 ಜನವರಿ 2024

ಪ್ರೀತಿಯ ಚಿಕ್ಕಮ್ಮ,

ಕೈಗೆ ಏನೂ ಆಗುವುದಿಲ್ಲ. ಕೂದಲು ಉದುರುತ್ತದೆ, ಸುಸ್ತಾಗುತ್ತದೆ, ಅಷ್ಟೇ. ಮೊದಲು ಇದನ್ನು ಓದಿಕೋ, ಮಿಕ್ಕದ್ದು ಆಮೇಲೆ.

ಜೀವಕೋಶದ ಒಳಗೆ ನೂಲಿಗಿಂತ ಎಷ್ಟೋ ಪಾಲು ಸಣ್ಣ ಕೊಳವೆಗಳಿರುತ್ತವೆ. ಮೈಕ್ರೊಟ್ಯೂಬ್ಯೂಲ್ ಅಂತ ಹೆಸರು. ಒಂದು ಕೋಶ ಎರಡಾಗಬೇಕಾದರೆ ಈ ಕೊಳವೆಗಳನ್ನು ಕಳಚಿ ಮತ್ತೆ ಕಟ್ಟಬೇಕು. ನಿನಗೆ ಕೊಡುವ ಮದ್ದು ಅವು ಕಳಚದಂತೆ ಬಿಗಿ ಹಿಡಿಯುತ್ತದೆ. ಕ್ಯಾನ್ಸರ್ ಕೋಶ ಎರಡಾಗಲಾರದೆ ಸಾಯುತ್ತದೆ. ಒಳ್ಳೆಯ ಮದ್ದು, ಬಿಡಬೇಡ.

ನಾನು ನೋಡುವುದು ನರದ ಕೋಶಗಳನ್ನು. ನಿನ್ನ ಬೆರಳ ತುದಿಗೆ ಎಳೆ ತಾಗಿದ್ದು ತಿಳಿಯುತ್ತದಲ್ಲ, ಆ ಕೋಶದ ಒಡಲು ಇರುವುದು ಕತ್ತಿನ ಬಳಿ, ಬೆನ್ನುಮೂಳೆಯ ಪಕ್ಕದಲ್ಲಿ. ಅಲ್ಲಿಂದ ಬೆರಳಿನವರೆಗೆ ತೋಳುದ್ದಕ್ಕೂ ಒಂದೇ ಕೋಶದ ಒಂದೇ ಎಳೆ. ಅದರೊಳಗೂ ಈ ಕೊಳವೆಗಳ ಹಾಸು ಇರುತ್ತದೆ. ಆ ಹಾಸಿನ ಮೇಲೆ ಮೈಟೊಕಾಂಡ್ರಿಯ ಅನ್ನುವ ಪುಟ್ಟ ಪುಟ್ಟ ಒಲೆಗಳು ಲಾಳಿಯ ಹಾಗೆ ಓಡಾಡುತ್ತವೆ. ತುದಿಯಲ್ಲಿ ಶಕ್ತಿ ತಯಾರಾಗಬೇಕಾದರೆ ಅವು ಅಲ್ಲಿಗೆ ತಲುಪಲೇಬೇಕು. ನೋಡುವುದಕ್ಕೆ ಎಷ್ಟು ಚೆನ್ನ ಗೊತ್ತಾ! ಅದು ಬೇರೆ ವಿಷಯ ಬಿಡು, ನಿನ್ನ ಮದ್ದಿಗೂ ಅದಕ್ಕೂ ಸಂಬಂಧವಿಲ್ಲ.

ಧೈರ್ಯವಾಗಿ ಹೋಗಿ ಬಾ.

ನಿನ್ನ ಕೀರ್ತನ


ದೊಡ್ಡಬಳ್ಳಾಪುರ
12 ಫೆಬ್ರುವರಿ 2024

ಕೀರ್ತನಾ,

ನಿನ್ನ ಕಾಗದದ ಮೊದಲ ಸಾಲು ಓದಿ ಅವತ್ತೇ ನವೀನನಿಗೆ ಹೂಂ ಅಂದುಬಿಟ್ಟೆ. ಎರಡು ಸಲ ಏರಿಸಿದ್ದಾಯಿತು. ಮೈಕೈ ನೋವು, ಬಾಯಿ ಕಹಿ, ಅದೆಲ್ಲ ಇದ್ದದ್ದೇ. ಮಾರನೆಯ ದಿನ ಬಿಟ್ಟು ಮಿಕ್ಕ ದಿನ ಶೆಡ್ಡಿಗೆ ಹೋಗುತ್ತಿದ್ದೇನೆ.

ಒಂದು ಮಾತು. ಲಾಳಿ ಹಾಸಿನ ಮೇಲೆ ಉದ್ದಕ್ಕೆ ಓಡುತ್ತದೇನೇ? ಅಡ್ಡಕ್ಕೆ ಓಡುತ್ತದೆ. ಹಸು ಮೇಯಿಸಿಕೊಂಡು ಬೆಳೆದ ನಂದಗುಡಿಯವಳಿಗೆ ಮಗ್ಗ ಹೇಗೆ ತಿಳಿಯಬೇಕು ಹೇಳು! ಸಂಜೀವಪ್ಪನವರಿಗೆ ಓದಿ ಹೇಳಿದೆ. "ನಿಮ್ಮಕ್ಕನ್ ಮಗಳು ಸೈಂಟಿಸ್ಟ್ ಅಂತೀಯ, ಲಾಳಿ ಎತ್ತಾಗ್ ಓಡ್ತದೆ ಅಂತ ಗೊತ್ತಿಲ್ವಲ್ಲಮ್ಮಾ" ಅಂತ ನಕ್ಕರು. ನೀನು ಹೇಳುವುದು ಬಟ್ಟೆ ಒಣಗಿಸುವ ತಂತಿಯ ಮೇಲೆ ಇರುವೆ ಹೋಗುತ್ತದಲ್ಲ, ಆ ಥರ ಇರಬೇಕು. ಆ ಕೊಳವೆ ತೋಳುದ್ದಕ್ಕೂ ಒಂದೇನಾ, ತುಂಡು ತುಂಡಾ? ತುಂಡಾದರೆ ಅದನ್ನು ಕೆಚ್ಚುವವರು ಯಾರು?

ಆಸ್ಪತ್ರೆಯಲ್ಲಿ ಪಕ್ಕದ ಕುರ್ಚಿಯಲ್ಲಿ ಕೂರುವವರು ಪಿಳ್ಳಮ್ಮ ಅಂತ, ದೇವನಹಳ್ಳಿ ಕಡೆಯವರು, ಹೂ ಕಟ್ಟುತ್ತಾರೆ. ಅವರದ್ದು ಐದು ಆಗಿತ್ತು. ಮೊನ್ನೆ ನರ್ಸು ಬಂದು "ಕೈಕಾಲು ಜೋಮು ಹಿಡಿಯುತ್ತಾ ಅಮ್ಮಾ?" ಅಂದಳು. "ಹೂಂ ಕಣವ್ವಾ, ಹಿಡೀತದೆ" ಅಂದರು ಪಾಪ. ಡಾಕ್ಟರು ಬಂದು ನೋಡಿ ಮದ್ದು ಏರಿಸದೆಯೇ ವಾಪಸು ಕಳಿಸಿಬಿಟ್ಟರು. ಆಕೆ ಅಳುತ್ತಾ ಹೋದರು. ಮದ್ದು ನಿಲ್ಲಿಸಿದರು ಅಂದರೆ ಕೈಬಿಟ್ಟರು ಅಂತ ತಾನೇ?

ಲಕ್ಕಮ್ಮ


ಪುಣೆ
20 ಫೆಬ್ರುವರಿ 2024

ಪ್ರೀತಿಯ ಚಿಕ್ಕಮ್ಮ,

ಲಾಳಿ ವಿಷಯದಲ್ಲಿ ಸೋತೆ. ಇರುವೆಯೇ ಸರಿ. ಇಲ್ಲಿ ನಮ್ಮ ಸರ್‌ಗೂ ಹೇಳಿದೆ, ಅವರಿಗೆ ಇರುವೆ ಬಹಳ ಹಿಡಿಸಿತು.

ಕೊಳವೆಗಳು ತುಂಡು ತುಂಡೇ. ಕೆಚ್ಚುವವರು ಯಾರೂ ಇಲ್ಲ, ಒಂದರ ಮಗ್ಗುಲಲ್ಲಿ ಒಂದು ಸರಿದು ಮಲಗಿರುತ್ತವೆ. ಆದರೆ ಕೈಯ ನರದಲ್ಲಿ ಎಲ್ಲ ತುಂಡುಗಳ ಮುಖವೂ ಒಂದೇ ಕಡೆ, ಬೆರಳಿನ ಕಡೆ. ಹೊರುವವರು ಇಬ್ಬರು. ಒಬ್ಬನಿಗೆ ಮುಖದ ದಿಕ್ಕಿಗೆ ಮಾತ್ರ ನಡೆಯಲು ಬರುತ್ತದೆ, ಅವನು ಮೈಟೊಕಾಂಡ್ರಿಯವನ್ನು ತುದಿಗೆ ಒಯ್ಯುತ್ತಾನೆ. ಇನ್ನೊಬ್ಬನಿಗೆ ಹಿಂದಕ್ಕೆ ಮಾತ್ರ, ಅವನು ಸವೆದದ್ದನ್ನು ಒಡಲಿಗೆ ವಾಪಸು ತರುತ್ತಾನೆ. ದಾರಿ ತೋರಿಸುವುದು ಕೊಳವೆಯ ಮುಖವೇ.

ಪಿಳ್ಳಮ್ಮನವರ ವಿಷಯ ನೀನು ತಲೆಗೆ ಹಚ್ಚಿಕೊಳ್ಳಬೇಡ. ಒಬ್ಬೊಬ್ಬರ ಮೈ ಒಂದೊಂದು ಥರ. ನಿನಗೆ ಹೊಸದಾಗಿ ಏನಾದರೂ ಅನ್ನಿಸಿದರೆ ಮಾತ್ರ ನನಗೆ ಬರೆ, ಮರೆಯಬೇಡ. ನನ್ನ ಪ್ರಬಂಧ ಒಪ್ಪಿಸುವ ದಿನ ಹತ್ತಿರ ಬಂತು, ಮೈಕ್ರೊಸ್ಕೋಪ್ ಬಿಟ್ಟು ಏಳುವುದಕ್ಕೆ ಆಗುತ್ತಿಲ್ಲ.

ಕೀರ್ತನ


ದೊಡ್ಡಬಳ್ಳಾಪುರ
18 ಮಾರ್ಚ್ 2024

ಕೀರ್ತನಾ,

ಏಳು ಮುಗಿದವು. ಅಕ್ಷರ ಸೊಟ್ಟ ಇದೆ ಅಂತ ಬೈಯಬೇಡ, ಹೊಸ ಪೆನ್ನು, ಕೈಗೆ ಕೂರುತ್ತಿಲ್ಲ.

ಹೊಸದಾಗಿ ಏನಾದರೂ ಅನ್ನಿಸಿದರೆ ಬರೆ ಅಂದಿದ್ದೆಯಲ್ಲ. ಬರೆಯಲೋ ಬೇಡವೋ ಅಂತ ನಾಲ್ಕು ದಿನ ಒದ್ದಾಡಿದೆ. ಇಲ್ಲಿ ಯಾರಿಗೂ ಹೇಳಿಲ್ಲ. ನವೀನನಿಗೆ ಹೇಳಿದರೆ ಅಳುತ್ತಾನೆ, ನರ್ಸಿಗೆ ಹೇಳಿದರೆ ಏನಾಗುತ್ತದೆ ಅಂತ ಕಣ್ಣಾರೆ ಕಂಡಿದ್ದೇನೆ. ನಿನಗೆ ಮಾತ್ರ ಹೇಳುತ್ತೇನೆ. ಕೈಯಲ್ಲಿ ಮೊದಲಿನ ಕೆಚ್ಚು ಇಲ್ಲ ಕಣೇ. ಯುಗಾದಿ ಹತ್ತಿರ ಬಂತು, ಶೆಡ್ಡಿನಲ್ಲಿ ಕೈತುಂಬ ಕೆಲಸ, ಕೂತರೆ ಕೆಚ್ಚು ನಿಲ್ಲುತ್ತಿಲ್ಲ. ಹೆದರಿಕೆಯಾಗುತ್ತದೆ.

ಇನ್ನೂ ಐದು ಇವೆ. ನಾನು ಏನು ಮಾಡಲಿ? ನೀನು ಹೇಳಿದ ಹಾಗೆ ಮಾಡುತ್ತೇನೆ.

ಲಕ್ಕಮ್ಮ


ಪುಣೆ
26 ಮಾರ್ಚ್ 2024

ನನ್ನ ಬಂಗಾರದ ಚಿಕ್ಕಮ್ಮ,

ನೀನು ಹೀಗೆ ಬರೆದಿದ್ದು ನೋಡಿ ನನಗೆ ಅಳು ಬಂತು, ಕೋಪವೂ ಬಂತು. ನಮ್ಮ ಇಡೀ ವಂಶದಲ್ಲಿ ನಿನ್ನಷ್ಟು ಕೆಚ್ಚು ಇರುವವರು ಯಾರಿದ್ದಾರೆ ಹೇಳು? ಚಿಕ್ಕಪ್ಪ ತೀರಿಕೊಂಡ ತಿಂಗಳೊಳಗೆ ಮಗ್ಗದ ಮುಂದೆ ಕೂತವಳು ನೀನು. ಈಗ ಯಾಕೆ ಅಧೈರ್ಯ? ಅರ್ಧ ದಾರಿ ದಾಟಿದ ಎಲ್ಲರಿಗೂ ಹೀಗೆ ಮನಸ್ಸು ಕುಗ್ಗುತ್ತದೆ.

ಕೆಚ್ಚು ಬಿಡಬೇಡ, ಚಿಕ್ಕಮ್ಮ. ಎಷ್ಟು ಕಷ್ಟವಾದರೂ ಬಿಡಬೇಡ. ಈ ಕಾಗದ ತಲುಪುವಷ್ಟರಲ್ಲಿ ಒಂಬತ್ತು ಮುಗಿದಿರುತ್ತವೆ. ಇನ್ನು ಮೂರೇ ಮೂರು. ಹಲ್ಲು ಕಚ್ಚಿ ಮುಗಿಸು. ಯಾರು ಏನು ಕೇಳಿದರೂ ಚೆನ್ನಾಗಿದ್ದೀನಿ ಅನ್ನು. ಹಾಗೆ ಹೇಳುತ್ತಾ ಹೇಳುತ್ತಾ ನಿಜವಾಗಿ ಚೆನ್ನಾಗುತ್ತೀಯ.

ನಿನ್ನ ಕೀರ್ತನ


ದೊಡ್ಡಬಳ್ಳಾಪುರ
24 ಏಪ್ರಿಲ್ 2024

ಕೀರ್ತನಾ,

ಹನ್ನೆರಡೂ ಮುಗಿದವು. ಹೋದ ಬುಧವಾರ ಕೊನೆಯದು. ಇನ್ನು ಯಾರೂ ಮದ್ದು ನಿಲ್ಲಿಸಲಾರರು, ಆದ್ದರಿಂದ ಈಗ ಬಾಯಿ ಬಿಟ್ಟು ಹೇಳಬಹುದು.

ಬೆರಳಿಗೆ ತುದಿ ಇಲ್ಲ. ಕಣ್ಣಿಗೆ ಕಾಣುತ್ತದೆ, ಒಳಗಿನಿಂದ ಇಲ್ಲ. ಮೊನ್ನೆ ಒಗ್ಗರಣೆ ಬಾಣಲೆ ಹಿಡಿದೆ. ಸುಟ್ಟಿದೆ ಅಂತ ತಿಳಿದದ್ದು ಬೊಬ್ಬೆ ಎದ್ದ ಮೇಲೆ. ರವಿಕೆಯ ಹುಕ್ಕನ್ನು ಕನ್ನಡಿ ನೋಡಿಕೊಂಡು ಹಾಕಬೇಕು. ಪ್ರತಿ ವಾರವೂ ನರ್ಸು ಜೋಮು ಇದೆಯಾ ಅಂತ ಕೇಳಿದಳು. ಪ್ರತಿ ವಾರವೂ ಇಲ್ಲ ಅಂದೆ. ಕೊಡವಿದರೆ ಹೋಗುವುದು ಜೋಮು. ಇದು ಹೋಗುತ್ತಲೇ ಇರಲಿಲ್ಲವಲ್ಲ, ಹಾಗಾಗಿ ಸುಳ್ಳಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಒಂದು ಸಲ, ಒಂಬತ್ತನೆಯದಾದ ಮೇಲೆ, ಹೌದು ಅನ್ನಬೇಕು ಅಂತ ಗಟ್ಟಿ ಮನಸ್ಸು ಮಾಡಿದ್ದೆ. ಅಷ್ಟರಲ್ಲಿ ನಿನ್ನ ಕಾಗದ ಬಂತು. ಚೆನ್ನಾಗಿದ್ದೀನಿ ಅನ್ನು ಅಂದಿದ್ದೆ. ಅಂದೆ.

ಕೆಚ್ಚು ಬಿಡಬೇಡ ಅಂದಿದ್ದೆ. ಬಿಡಲಿಲ್ಲ. ದಿನಾ ಹೋಗಿ ಕೂತೆ. ಬೆರಳಿಗೆ ತಿಳಿಯದಿದ್ದರೆ ಕಣ್ಣಿನಲ್ಲಿ ನೋಡಿ ಒಂದೊಂದು ಎಳೆಯನ್ನೂ ಮೂರು ಮೂರು ಸಲ ಕೆಚ್ಚಿದೆ. ಒಂದೇ ದಿನದಲ್ಲಿ ಮುಗಿಸುತ್ತಿದ್ದ ಹಾಸು ಕೆಚ್ಚುವುದಕ್ಕೆ ಆರು ದಿನ ಹಿಡಿಯಿತು. ಮಗ್ಗ ಶುರು ಮಾಡಿದರು. ಒಂದು ಮಾರು ಎಳೆಯುವಷ್ಟರಲ್ಲಿ ಎಳೆಗಳು ಸಾಲಾಗಿ ಬಿಟ್ಟುಕೊಂಡವು. ಸಂಜೀವಪ್ಪನವರು ಮಗ್ಗ ನಿಲ್ಲಿಸಿ ತಲೆ ಮೇಲೆ ಕೈ ಹೊತ್ತು ಕೂತರು. "ಇದೇನಮ್ಮಾ ಲಕ್ಕಮ್ಮಾ ಹಿಂಗಾಗೋಯ್ತು... ಮನೇಗ್ ಹೋಗವ್ವಾ, ಸುದಾರಿಸ್ಕೋ" ಅಂದರು. ಬೈದಿದ್ದರೆ ಚೆನ್ನಾಗಿತ್ತು. ಈಗ ಕೆಚ್ಚುವುದಕ್ಕೆ ಬೇರೆಯವರು ಬರುತ್ತಿದ್ದಾರೆ.

ಪಿಳ್ಳಮ್ಮ ಸಿಕ್ಕಿದ್ದರು. ಅವರಿಗೆ ಎರಡು ವಾರ ಬಿಟ್ಟು, ಮದ್ದು ಕಡಿಮೆ ಮಾಡಿ ಮತ್ತೆ ಕೊಟ್ಟರಂತೆ. ಕೈಬಿಟ್ಟಿರಲಿಲ್ಲವಂತೆ. ಈಗ ಮತ್ತೆ ಹೂ ಕಟ್ಟುತ್ತಿದ್ದಾರೆ.

ನನಗೆ ಅರ್ಥವಾಗದ್ದು ಒಂದೇ. ಕೆಚ್ಚು ನಿಲ್ಲುತ್ತಿಲ್ಲ ಅಂತ ನಿನಗೆ ಬಿಡಿಸಿ ಬರೆದಿದ್ದೆ. ಎಲ್ಲ ಓದಿದವಳು ನೀನು. ಬಿಡಬೇಡ ಅಂತ ಯಾಕೆ ಹೇಳಿದೆ?

ಲಕ್ಕಮ್ಮ


ಪುಣೆ
30 ಏಪ್ರಿಲ್ 2024

ಚಿಕ್ಕಮ್ಮ,

ನಿನ್ನ ಮಾರ್ಚ್ ತಿಂಗಳ ಕಾಗದವನ್ನು ಮುಂದಿಟ್ಟುಕೊಂಡು ಕೂತಿದ್ದೇನೆ. ಕೆಚ್ಚು ಇಲ್ಲ ಅಂತ ಬರೆದಿದ್ದೀಯ. ನಾನು ಧೈರ್ಯ ಇಲ್ಲ ಅಂತ ಓದಿದೆ. ಎದೆಯ ಕೆಚ್ಚು ಅಂದುಕೊಂಡೆ, ಎಳೆಯ ಕೆಚ್ಚು ಅಂತ ಹೊಳೆಯಲೇ ಇಲ್ಲ. ಕೈಯಲ್ಲಿ ಅಂತ ಬರೆದಿದ್ದೀಯ. ಶೆಡ್ಡಿನಲ್ಲಿ ಕೂತರೆ ಅಂತ ಬರೆದಿದ್ದೀಯ. ಜನವರಿಯಲ್ಲೇ ಆ ಮಾತಿನ ಅರ್ಥವನ್ನೂ ಬಿಡಿಸಿ ಹೇಳಿದ್ದೆ. ಅಕ್ಷರ ಸೊಟ್ಟವಾಗಿದೆ ಅಂತಲೂ ಹೇಳಿದ್ದೆ. ನಾಲ್ಕು ವರ್ಷದಿಂದ ಹಗಲೆಲ್ಲ ಇದನ್ನೇ ನೋಡುವವಳು ನಾನು, ನಾನೇ ನೋಡಲಿಲ್ಲ.

ಇಷ್ಟೇ ಆಗಿದ್ದರೆ ತಪ್ಪು ಓದಿದೆ ಅಂತ ಕಾಲಿಗೆ ಬೀಳುತ್ತಿದ್ದೆ. ಇಷ್ಟೇ ಅಲ್ಲ. ನಾನು ಸುಳ್ಳು ಹೇಳಿದ್ದೇನೆ.

ಆ ಮದ್ದಿಗೂ ನರಕ್ಕೂ ಸಂಬಂಧವಿದೆ. ನನ್ನ ಕೆಲಸವೇ ಅದು. ಗಾಜಿನ ತಟ್ಟೆಯಲ್ಲಿ ನರಕೋಶ ಬೆಳೆಸಿ, ನಿನಗೆ ಕೊಟ್ಟ ಅದೇ ಮದ್ದನ್ನು ಹನಿ ಹಾಕಿ, ಮೈಟೊಕಾಂಡ್ರಿಯ ಹೇಗೆ ನಿಲ್ಲುತ್ತದೆ ಅಂತ ನೋಡುತ್ತೇನೆ. ಮದ್ದಿಗೆ ಕ್ಯಾನ್ಸರಿನ ಕೊಳವೆ ಯಾವುದು, ನರದ ಕೊಳವೆ ಯಾವುದು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ಬಿಗಿ ಹಿಡಿಯುತ್ತದೆ. ಕೊಳವೆ ಬಿಗಿದರೆ ಅದರ ಮೇಲೆ ಹೊತ್ತು ನಡೆಯುವವರು ತಡವರಿಸುತ್ತಾರೆ, ಒಲೆಗಳು ನಡುದಾರಿಯಲ್ಲೇ ನಿಂತುಬಿಡುತ್ತವೆ. ಎಲ್ಲಕ್ಕಿಂತ ಉದ್ದದ ಎಳೆಯ ತುದಿ ಮೊದಲು ಸೊರಗುತ್ತದೆ. ಬೆರಳ ತುದಿ, ಕಾಲಿನ ತುದಿ. ಇದೆಲ್ಲ ಗೊತ್ತಿದ್ದೂ ಕೈಗೆ ಏನೂ ಆಗುವುದಿಲ್ಲ ಅಂತ ಮೊದಲ ಸಾಲಿನಲ್ಲೇ ಬರೆದೆ. ನಿಜ ಹೇಳಿದರೆ ನೀನು ಮದ್ದೇ ಬೇಡ ಅನ್ನುತ್ತೀಯ, ನಿನ್ನನ್ನು ಕಳೆದುಕೊಳ್ಳುತ್ತೇನೆ ಅಂತ ಹೆದರಿದೆ. ಪಿಳ್ಳಮ್ಮನವರ ವಿಷಯ ಬರೆದಾಗಲಾದರೂ ಜೋಮು ಬಂದರೆ ಮುಚ್ಚಿಡಬೇಡ ಅನ್ನಬಹುದಿತ್ತು. ಅಂದರೆ ಜನವರಿಯ ಸುಳ್ಳು ಬಯಲಾಗುತ್ತದೆ ಅಂತ ಬಾಯಿ ಮುಚ್ಚಿಕೊಂಡೆ.

ಚಿಕ್ಕಮ್ಮ, ನಿನ್ನ ಬೆರಳನ್ನು ನಾನು ತೆಗೆದೆ. ರಜ ಹಾಕಿದ್ದೇನೆ. ಬರುತ್ತೇನೆ. ನಿನ್ನ ಮನೆಯ ಬಾಗಿಲಲ್ಲಿ ಕೂರುತ್ತೇನೆ, ಹೊಡೆ, ಬೈಯಿ.

ಕೀರ್ತನ


ಪುಣೆ
27 ಮೇ 2024

ಚಿಕ್ಕಮ್ಮ,

ನಿನ್ನಿಂದ ಒಂದು ಸಾಲೂ ಇಲ್ಲ. ನವೀನನಿಗೆ ಫೋನ್ ಮಾಡಿದರೆ "ನೀನ್ ಬರೋದ್ ಬೇಡ ಅಂದವ್ಳೆ ಕಣಕ್ಕಾ. ನಿನ್ ಹೆಸರು ಎತ್ತುದ್ರೆ ಎದ್ದು ಒಳಗ್ ಹೋಗ್ತಾಳೆ. ಏನಾಯ್ತು ಹೇಳಕ್ಕಾ" ಅನ್ನುತ್ತಾನೆ. ಅವನಿಗೆ ಏನು ಹೇಳಲಿ? ನಂದಗುಡಿಯಲ್ಲಿ ಅಮ್ಮನಿಗೂ ಹೇಳುವ ಧೈರ್ಯವಾಗಿಲ್ಲ. ಹಾಕಿದ್ದ ರಜ ಹಾಗೇ ಕಳೆಯಿತು. ಮೈಕ್ರೊಸ್ಕೋಪಿನ ಮುಂದೆ ಕೂರುತ್ತೇನೆ, ನಿಂತುಹೋದ ಒಲೆಗಳನ್ನು ನೋಡುತ್ತೇನೆ, ಎದ್ದು ಬರುತ್ತೇನೆ. ಒಂದು ಸಾಲು ಬರೆ. ಬೈಗುಳವನ್ನಾದರೂ ಬರೆ.

ಕೀರ್ತನ


ದೊಡ್ಡಬಳ್ಳಾಪುರ
14 ಜೂನ್ 2024

ಕೀರ್ತನಾ,

ಇದರ ಜೊತೆ ಒಂದು ರಟ್ಟು ಇದೆ. ಅದಕ್ಕೆ ಇಪ್ಪತ್ತು ಎಳೆ ಸುತ್ತಿದ್ದೇನೆ. ಒಂದೊಂದರಲ್ಲೂ ನಡುವೆ ನಾನು ಕೆಚ್ಚಿದ್ದೇನೆ. ಇಷ್ಟಕ್ಕೆ ಎರಡು ದಿನ ಹಿಡಿಯಿತು.

ಒಂದೊಂದನ್ನೂ ಎರಡು ಕೈಯಲ್ಲಿ ಹಿಡಿದು ಎಳೆ. ಎಷ್ಟು ನಿಂತವು ಅಂತ ಬರೆ. ಬೇರೆ ಏನೂ ಬರೆಯಬೇಡ.

ಲಕ್ಕಮ್ಮ


ಪುಣೆ
21 ಜೂನ್ 2024

ಚಿಕ್ಕಮ್ಮ,

ಒಂದೂ ನಿಲ್ಲಲಿಲ್ಲ.

ಕೀರ್ತನ


ದೊಡ್ಡಬಳ್ಳಾಪುರ
29 ಜೂನ್ 2024

ಕೀರ್ತನಾ,

ನನಗೆ ಗೊತ್ತಿತ್ತು. ಕಳಿಸುವ ಮೊದಲು ಇಪ್ಪತ್ತನ್ನೂ ನಾನೇ ಎಳೆದು ನೋಡಿದ್ದೆ. ಎಲ್ಲ ಬಿಟ್ಟುಕೊಂಡಿದ್ದವು. ಮತ್ತೆ ಹಾಗೇ ಸಡಿಲವಾಗಿ ಹೊಸೆದು ರಟ್ಟಿಗೆ ಸುತ್ತಿದೆ. ಐದು ನಿಂತವು, ಒಂದಾದರೂ ನಿಂತಿತು ಅಂತ ನೀನು ಬರೆದಿದ್ದರೆ ನಮ್ಮಿಬ್ಬರ ಕಾಗದ ಅಲ್ಲಿಗೇ ಮುಗಿಯುತ್ತಿತ್ತು.

ನಿನ್ನ ಮೇಲೆ ಎಷ್ಟು ಕೋಪ ಇದೆ ಅಂತ ನನಗೇ ಅಳತೆ ಸಿಕ್ಕಿಲ್ಲ. ನೆರೆಯವರ ಮುಂದೆ ನಿನ್ನನ್ನು ಹೊಗಳಿದ್ದನ್ನೆಲ್ಲ ನೆನೆಸಿಕೊಂಡು ಕುದಿಯುತ್ತೇನೆ. ಬೆಳಿಗ್ಗೆ ಎದ್ದ ತಕ್ಷಣ ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿ ನೋಡುತ್ತೇನೆ. ಎರಡು ಮರದ ತುಂಡು. ಆಮೇಲೆ ಇಡೀ ದಿನ ಏನು ಮಾಡುವುದು ಅಂತ ತಿಳಿಯುವುದಿಲ್ಲ. ಶೆಡ್ಡಿನ ಸದ್ದು ಈ ಮಂದ ಕಿವಿಗೂ ಕೇಳಿಸುತ್ತದೆ, ಅದೊಂದು ಹಿಂಸೆ. ಸತ್ತಿದ್ದರೂ ಆಗುತ್ತಿತ್ತು ಅಂತ ಎಷ್ಟೋ ಸಲ ಅನ್ನಿಸಿದೆ. ಅದನ್ನೂ ಮುಚ್ಚಿಡುವುದಿಲ್ಲ.

ಆದರೆ ಕೇಳುವುದಕ್ಕೆ ನನಗೆ ಬೇರೆ ಯಾರಿದ್ದಾರೆ? ಮತ್ತೆ ಅದೇ ಒಂದು ಪ್ರಶ್ನೆ. ನನ್ನ ಬೆರಳು ವಾಪಸು ಬರುತ್ತದಾ?

ಲಕ್ಕಮ್ಮ


ಪುಣೆ
8 ಜುಲೈ 2024

ಚಿಕ್ಕಮ್ಮ,

ಗೊತ್ತಿಲ್ಲ.

ಕತ್ತಿನ ಬಳಿಯ ಒಡಲು ಬದುಕಿದ್ದರೆ ಅದು ಹೊಸ ಒಲೆಗಳನ್ನು ಮಾಡಿ ಕಳಿಸುತ್ತದೆ. ಕೊಳವೆಗಳು ಮೆಲ್ಲಗೆ ಸಡಿಲವಾಗಬಹುದು. ಸೊರಗಿದ ತುದಿ ಮತ್ತೆ ಬೆಳೆದರೂ ದಿನಕ್ಕೆ ಒಂದು ರಾಗಿ ಕಾಳಿನಷ್ಟೂ ಇಲ್ಲ. ಕೆಲವರಿಗೆ ವರ್ಷದೊಳಗೆ ಬಂದಿದೆ. ಕೆಲವರಿಗೆ ಅರ್ಧ ಬಂದಿದೆ. ಕೆಲವರಿಗೆ ಬಂದೇ ಇಲ್ಲ. ನೀನು ಯಾರಲ್ಲಿ ಸೇರುತ್ತೀಯ ಅಂತ ಹೇಳುವ ಮೈಕ್ರೊಸ್ಕೋಪ್ ನನ್ನ ಹತ್ತಿರ ಇಲ್ಲ, ಯಾರ ಹತ್ತಿರವೂ ಇಲ್ಲ. ಡಾಕ್ಟರ ಹತ್ತಿರ ಹೋಗಿ ಎಲ್ಲವನ್ನೂ ಹೇಳು, ಜೋಮು ಅನ್ನಬೇಡ, ನನಗೆ ಬರೆದ ಹಾಗೆ ತುದಿ ಇಲ್ಲ ಅನ್ನು. ನೋವಿದ್ದರೆ ಅದಕ್ಕೆ ಮಾತ್ರೆ ಇದೆ. ತುದಿಯನ್ನು ವಾಪಸು ತರುವ ಮಾತ್ರೆ ಇಲ್ಲ.

ಇದಕ್ಕಿಂತ ಒಳ್ಳೆಯದನ್ನು ಬರೆಯಬೇಕು ಅಂತ ಒಂದು ವಾರ ಪೆನ್ನು ಹಿಡಿದು ಕೂತೆ. ಬರೆದಿದ್ದರೆ ಸುಳ್ಳಾಗುತ್ತಿತ್ತು.

ಕೀರ್ತನ


ದೊಡ್ಡಬಳ್ಳಾಪುರ
16 ಜುಲೈ 2024

ಕೀರ್ತನಾ,

ನಿನ್ನ ಕಾಗದ ಬಂತು. ನವೀನನನ್ನು ಕೂರಿಸಿಕೊಂಡು ಅವನಿಗೂ ಓದಿ ಹೇಳಿದೆ. ಅತ್ತ. ಅಳಲಿ ಅಂತ ಬಿಟ್ಟೆ. ಗುರುವಾರ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ.

ನೀನು ಬರುವುದಾದರೆ ಬಾ. ಮಾತಾಡುತ್ತೇನೋ ಇಲ್ಲವೋ ಗೊತ್ತಿಲ್ಲ, ಊಟಕ್ಕಂತೂ ಇಡುತ್ತೇನೆ.

ಒಂದು ಮಾತು ನಿನಗೆ ತಿಳಿದಿರಲಿ. ಈ ಗೊತ್ತಿಲ್ಲ ಅನ್ನುವುದನ್ನು ಜನವರಿಯಲ್ಲಿ ಬರೆದಿದ್ದರೂ ನಾನು ಮದ್ದು ಏರಿಸಿಕೊಳ್ಳುತ್ತಿದ್ದೆ ಕಣೇ. ನೀನು ಹೇಳಿದ ಹಾಗೆ ಮಾಡುತ್ತೇನೆ ಅಂತ ಬರೆದಿದ್ದೆನಲ್ಲ. ಮಾಡುತ್ತಿದ್ದೆ. ನರ್ಸು ಬಂದು ಕೇಳಿದಾಗ ಹೌದು ಅಂತಲೂ ಹೇಳುತ್ತಿದ್ದೆ.

ಲಕ್ಕಮ್ಮ